ಗುಬ್ಬಿಮರಿಯ ಹಿಂದಿನ ಗಂಟು

ಎಂಟನೆಯ ದಿನ ಮಗುವನ್ನು ಮಲಗಿಸಿದ್ದ ಅಗಸೆನಾರಿನ ಬಟ್ಟೆ
ತೊಳೆದು ಮಡಚಿ ನನ್ನ ಮನೆಗೆ ಬಂತು.
ನಾಲ್ಕು ಸೀಳು ಮಾಡಿ ಉದ್ದಕ್ಕೆ ಸೇರಿಸಿದೆ:
ಏಳು ಮೊಳ, ಅಂಗೈಯಗಲ.
ಸುನ್ನತಿಯ ರಕ್ತ ಒಂದು ತುದಿಗೆ ಉಳಿದೇ ಇತ್ತು
ತುಕ್ಕಿನ ಬಣ್ಣಕ್ಕೆ ತಿರುಗಿ.
‘ಮೂರು ಸಲ ಕುದಿಸಿದೆ ಫ್ರೋಮೆಟ್, ಹೋಗಲಿಲ್ಲ’
ಅಂದಳು ಬಾಣಂತಿ ಯಿಟ್ಟೆಲ್.
ಇರಲಿ ಬಿಡು ಅಂದೆ.
ಅದೂ ಅವನದೇ ಸಹಿ.

ಲೈಸರನಿಗೆ ಮೂರು ತುಂಬಿದಾಗ
ಅಪ್ಪನ ಹೆಗಲೇರಿ ಇದನ್ನು ಪ್ರಾರ್ಥನಾ ಮಂದಿರಕ್ಕೆ ತರುತ್ತಾನೆ,
ತೋರಾ ಸುರುಳಿಗೆ ಸುತ್ತುತ್ತಾರೆ.
ಆಲ್ಸೇಸಿನ ನಮ್ಮ ಹಳ್ಳಿಗಳ ರೂಢಿ.
ಸುತ್ತಲು ಹಳೆಯ ಲಾಡಿಯೂ ಸಾಕು, ಶಾಸ್ತ್ರಕ್ಕೆ ಕೊರತೆಯಿಲ್ಲ.
ಆದರೆ ಸಮುದ್ರ ದಾಟಿ ದಡ ಹತ್ತಿದವರು
ಒದ್ದೆ ಬಟ್ಟೆಯಲ್ಲೇ ನಿಂತು
ದೇವರನ್ನು ಸಿಂಗರಿಸುತ್ತೇವೆ ಎಂದುಬಿಟ್ಟರಂತೆ.
ಅವನಿಗೆ ಮೈಯಿಲ್ಲ, ಅಳತೆ ಕೊಡುವುದಿಲ್ಲ.
ಅವನು ಹೇಳಿದ ಕೆಲಸಕ್ಕಾದರೂ
ಅಂಚು ಕಟ್ಟಬಹುದಲ್ಲ.

ಮಗುವಿನ ಅಪ್ಪ ಕೊಷೆಲ್ ದನದ ವ್ಯಾಪಾರಿ,
ಹಲ್ಲು ನೋಡಿ ಬೆಲೆ ಕಟ್ಟುವವನು.
ರೇಷ್ಮೆಯಾದರೆ ಎಷ್ಟು, ಹತ್ತಿದಾರವಾದರೆ ಎಷ್ಟು,
ಕೆಂಪೇ ಯಾಕೆ ದುಬಾರಿ?
ರಬ್ಬಿ ಝೆಲಿಗ್ಮನ್ ಬಳಿ ನ್ಯಾಯಕ್ಕೆ ಹೋದ.
‘ಸಾದಾ ಬೆಲೆಯ ಮೇಲೆ ಮೂರನೆಯ ಒಂದು ಪಾಲು,
ಅಲ್ಲಿಯತನಕ ನಿನ್ನ ಗಂಟು.
ಅದರಾಚೆಯದು ಅವನ ಖಾತೆ.’
ಕೊಷೆಲ್ ಬೆರಳು ಮಡಚಿದ, ಬಿಡಿಸಿದ.
‘ಅವನು ಯಾವ ಸಂತೆಯ ದಿನ ಕೊಡುತ್ತಾನೆ?’
ರಬ್ಬಿ ನಶ್ಯ ಏರಿಸಿದರು.
ಕೋಲ್ಮಾರಿನಿಂದ ರೇಷ್ಮೆ ಬಂತು.

ಎಲಿಯೆಜರ್ ಎಂದು ಬರೆಯುವಾಗ
ಎರಡನೆಯ ಅಕ್ಷರ ಲಾಮೆದ್ ಗೆರೆ ಮೀರಿ ಕತ್ತು ಚಾಚುತ್ತದೆ.
ಕಿಟಕಿಯಾಚೆ ಬೇಕರಿಯ ಹೊಗೆಗೂಡಿನ ಮೇಲೆ
ಕೊಕ್ಕರೆಯೊಂದು ಹಾಗೆಯೇ ನಿಂತಿತ್ತು.
ನಾನೇನೂ ಯೋಚಿಸಲಿಲ್ಲ.
ಬಿಳಿ ದಾರ, ಕಪ್ಪು ದಾರ, ಕಾಲಿಗೆ ಆ ದುಬಾರಿ ಕೆಂಪು.

ಮಂದಿರದ ಪರಿಚಾರಕ ಹಿರ್ಟ್ಸ್ ಮೇಣದಬತ್ತಿ ಕೊಡಲು ಬಂದವನು ನೋಡಿದ.
‘ಅಶುದ್ಧ ಹಕ್ಕಿ! ತೋರಾದ ಸೊಂಟಕ್ಕೆ!’
ನಿಜ. ಪಟ್ಟಿಯಲ್ಲಿದೆ, ರಣಹದ್ದಿನ ಜೊತೆಗೆ.
ಹೆಸರು ಮಾತ್ರ ಕರುಣೆಯವಳೆಂದು.
ಮತ್ತೆ ಯಾಕೆ ಮೈಲಿಗೆ?
ಕರುಣೆಯೆಲ್ಲ ತನ್ನ ಬಳಗಕ್ಕಷ್ಟೇ, ಅದಕ್ಕೆ,
ಎನ್ನುತ್ತಿದ್ದ ನನ್ನ ಅಜ್ಜ.

ಬಿಚ್ಚಲು ಕುಳಿತೆ. ಕತ್ತರಿ ಕೈಯಲ್ಲಿತ್ತು.
ಹೊಗೆಗೂಡಿನ ಕಡೆ ಇನ್ನೊಮ್ಮೆ ನೋಡಿದೆ:
ಕೊಕ್ಕರೆಯ ದೊಡ್ಡ ಗೂಡಿನ ಅಡಿಯ ಕಡ್ಡಿಸಂದಿಯಲ್ಲಿ
ಗುಬ್ಬಿಗಳ ಸಂಸಾರ, ಬಾಡಿಗೆಯಿಲ್ಲದೆ.
ಕೊಕ್ಕರೆ ಕೇಳುವುದೂ ಇಲ್ಲ, ಒದೆಯುವುದೂ ಇಲ್ಲ.
ಆ ಸಂಜೆ, ದೀಪ ಹೋಗುವ ಮೊದಲು,
ಅಕ್ಷರದ ಪಾದದಲ್ಲಿ ಒಂದು ಗುಬ್ಬಿಮರಿ ಹೊಲಿದೆ,
ಬಾಯಿ ತೆರೆದದ್ದು. ಕೊಕ್ಕರೆಯ ಕೊಕ್ಕಿಗೆ ಒಂದು ಕಾಳು.
ಕೊಕ್ಕರೆ ಕಾಳು ತಿನ್ನುವುದಿಲ್ಲ, ಗೊತ್ತು.
ಅದಕ್ಕೇ ಕೊಟ್ಟುಬಿಡಬಹುದು.

ಕಸೂತಿ ಹೊರಕ್ಕೆ. ಒಳಮೈ ಚರ್ಮದ ಹಾಳೆಗೆ ತಾಗುವುದು.
ಆದ್ದರಿಂದ ನನಗೆ ಹೆಚ್ಚು ದುಡಿಮೆ ಹಿಂದುಗಡೆಯೇ:
ಗಂಟಿಲ್ಲದೆ ದಾರ ಮುಗಿಸುವುದು, ಕತ್ತಲಲ್ಲಿ ಮಲಗಿ
ಹೆಬ್ಬೆರಳಿನಿಂದ ಏಳು ಮೊಳವನ್ನೂ ಓದುವುದು.

ಮೂರು ಚಳಿಗಾಲ ಕಳೆದವು. ಸಬ್ಬತ್ತಿನ ಬೆಳಗು.
ಮೇಲಿನ ಹೆಂಗಸರ ಅಂಕಣದ ಜಾಲರಿಗೆ ಹಣೆ ಒತ್ತಿ ನಿಂತಿದ್ದೆ.
ಲೈಸರ್ ಪಟ್ಟಿಯ ತುದಿ ಬಿಡಲೊಲ್ಲ, ಅದು ತನ್ನದಂತೆ.
ಕಲೆಯಿದ್ದ ತುದಿ ಮೊದಲು ಒಳಗೆ ಹೋಯಿತು.
ಸುತ್ತುವ ಕೆಲಸ ಹಿರ್ಟ್ಸನದು.
ಲಾಮೆದ್ ಬಂದಾಗ ಅವನ ಕೈ ನಿಂತಿತು.
ಕೊಕ್ಕರೆಯನ್ನಲ್ಲ ಅವನು ನೋಡಿದ್ದು,
ಅದರ ಹಿಂದೆ ಬೆರಳಾಡಿಸಿದ.
ಸಿಕ್ಕಿತು ಅವನಿಗೆ,
ಅವಸರದ ಗುಬ್ಬಿಯ ಹಿಂದಿನ ಒಂದು ಗಂಟು.

ತಲೆಯೆತ್ತಿ ಜಾಲರಿಯ ಕಡೆ ನೋಡಿದ.
ಸಬ್ಬತ್ತು. ಕತ್ತರಿ ಮುಟ್ಟುವಂತಿಲ್ಲ, ದಾರ ಹರಿಯುವಂತಿಲ್ಲ.
ಹಿರ್ಟ್ಸ್ ತನ್ನ ಮೇಣದ ಹೆಬ್ಬೆರಳನ್ನು
ಅದರ ಮೇಲಿಟ್ಟು ಒತ್ತಿದ, ಬಹಳ ಹೊತ್ತು,
ಹಿಂದಿನ ಸಾಲಿನವರು ಕೆಮ್ಮತೊಡಗುವ ತನಕ.
ಆಮೇಲೆ ಸುತ್ತಿದ.