ಖಾಲಿ ಸಾಲು

ಮಿಲ್ಕಾ ನರ್ಸು ಫೋನು ಮಾಡಿದ್ದು ನಸುಕಿನ ನಾಲ್ಕಕ್ಕೆ.
"ನಿನ್ನ ಪರದೆ ಹೇಳುತ್ತೆ ತಾಯಿ ಇದ್ದಾಳೆ, ಕೂಸಿಲ್ಲ ಅಂತ.
ಕೇಳಿಲ್ಲಿ"
ಎಂದು ಫೋನನ್ನೇ ಹಿಡಿದಳು ತೊಟ್ಟಿಲ ಬಳಿ.
ಕಿಸುಮುವಿನ ಆ ವಾರ್ಡು ಪೂರಾ ಅಳುತ್ತಿತ್ತು ಒಂದೇ ಗಂಟಲಲ್ಲಿ.

ಲ್ಯಾಪ್‌ಟಾಪು ತೆರೆದೆ. ಸರೋವರದ ಕಡೆಯಿಂದ ಮೀನಿನ ವಾಸನೆ.
ಫಾರಮ್ಮು ನಾನೇ ಬರೆದದ್ದು, ತುಸು ಜಂಬದಿಂದಲೇ:
ಮೇಲೆ ತಾಯಿ, ಅವಳ ಮಡಿಲಲ್ಲೇ ಮಕ್ಕಳ ಸಾಲು.
ಗುಂಡಿ ಒಂದೇ. ಒತ್ತಿದರೆ
ಮೊದಲು ತಾಯಿಗೊಂದು ಸಂಖ್ಯೆ,
ಆ ಸಂಖ್ಯೆಯ ಚುಂಗು ಮಕ್ಕಳ ಮುಷ್ಟಿಗೆ.
ಹುಟ್ಟಿದರೆ ಎಲ್ಲರೂ ಒಟ್ಟಿಗೇ ಹುಟ್ಟಬೇಕು ಡೇಟಾಬೇಸಿನಲ್ಲಿ;
ಒಂದು ಕೂಸು ಎಡವಿದರೂ ತಾಯಿಯೂ ಹಿಂದಕ್ಕೆ,
ಏನೂ ಆಗಿಲ್ಲವೆಂಬಂತೆ.
(ಬಾಣಂತಿಯರಿಗೆ ಈ ಸವಲತ್ತಿಲ್ಲ. ಅಥವಾ ಈ ಶಿಕ್ಷೆ.)

ಎಡವಿದ್ದು ಅಲ್ಲಲ್ಲ.
ಮೂವತ್ತೊಂದನೇ ಸಾಲಲ್ಲಿ, ನನ್ನದೇ ಕೈ:
ಹೆಸರು ಖಾಲಿ ಇದ್ದರೆ ಆ ಮಗುವನ್ನು ಬಿಡು.
ಸದ್ದಿಲ್ಲದೆ ಬಿಡು. ಕೆಂಪಕ್ಷರ ಬೇಡ.
ಕಸ ಗುಡಿಸಲೆಂದು ಬರೆದಿದ್ದೆ,
ಬೆರಳು ಜಾರಿ ತೆರೆದುಕೊಂಡ ಪೆಟ್ಟಿಗೆಗಳ ಕಸ.

ರಿಸ್ಪಾ ಹೆಸರು ಹೇಳಿರಲಿಲ್ಲ.
ಅತ್ತೆ ಉಸೆಂಗೆಯಿಂದ ಬೆಳಗಿನ ಮಟಾಟು ಹಿಡಿದು ಬರಬೇಕು,
ಬಂದು, ಸತ್ತವರನ್ನು ಒಬ್ಬೊಬ್ಬರನ್ನೇ ಕೂಗಬೇಕು,
ಯಾರ ಹೆಸರಿಗೆ ಅಳು ನಿಲ್ಲುತ್ತದೋ ಆ ಹೆಸರು.
ತೂಕ ಬರೆದಿದ್ದಳು ಮಿಲ್ಕಾ: ಎರಡು ಕಿಲೋ ಮುನ್ನೂರು.
ಹುಟ್ಟಿದ ಹೊತ್ತು: ಒಂದೂ ಹತ್ತು.
ಅಷ್ಟೂ ತೂಕ ನನ್ನ ಒಂದು ಷರತ್ತಿನ ಸಂದಿಯಲ್ಲಿ ಸೋರಿಹೋಗಿ
ಮೇಲೆ ಹಸಿರಕ್ಷರ: ಉಳಿಸಲಾಗಿದೆ.

ನನ್ನ ಹೆಸರು ಅಕೆಲ್ಲೊ.
ನಮ್ಮ ಲುವೊ ಜನದಲ್ಲಿ
ಅವಳಿಗಳ ಬೆನ್ನಿಗೆ ಬಂದವಳಿಗೆ ಇದೇ ಹೆಸರು, ಯಾರನ್ನೂ ಕೇಳುವುದಿಲ್ಲ.
ಆ ಅವಳಿಗಳನ್ನು ನಾನು ಕಂಡಿಲ್ಲ.
ಅವ್ವ ಮಾತೆತ್ತುವುದಿಲ್ಲ. ಯಾವ ರಿಜಿಸ್ಟರಿನಲ್ಲೂ ಇಲ್ಲ;
ಹುಡುಕಿದ್ದೇನೆ, ಹಳೆಯ ಕಟ್ಟು ಬಿಚ್ಚಿ, ಗೆದ್ದಲಿನ ಜೊತೆ ಜಗಳವಾಡಿ.
ಇಲ್ಲದ ಎರಡು ಸಾಲಿನ ಕಡೆ ಬೆರಳು ತೋರುತ್ತ
ದಿನಾ ಸಹಿ ಹಾಕುತ್ತೇನೆ.

ಮೂವತ್ತೊಂದನ್ನು ಅಳಿಸಿದೆ.
"ತೂಕ ಇನ್ನೊಮ್ಮೆ ಬರೆದು ಒತ್ತು."
ಜನರೇಟರಿನ ಗುಡುಗುಡು. ಮಿಲ್ಕಾಳ ಉಸಿರು.
"ಬಂತು," ಅಂದಳು, "ಹೆಸರಿನ ಜಾಗದಲ್ಲಿ ಏನೂ ಇಲ್ಲ,
ಬರೀ ಒಂದು ಗೆರೆ. ಅದು ಹಾಗೇ ಇರಲಾ?"
ಇರಲಿ ಅಂದೆ.
ಹಿಂದೆ ಅಳು ಇನ್ನೂ ನಡೆದಿತ್ತು,
ಇದೇ ಕೂಸಿನದೋ, ಪಕ್ಕದ ತೊಟ್ಟಿಲಿನದೋ.