ಆರನೆಯ ಮನೆ

ಕಾರವಾರದ ಕೋರ್ಟಿನೆದುರು ನನ್ನ ಝೆರಾಕ್ಸ್ ಅಂಗಡಿ.
ಜಾಮೀನು ಪತ್ರ, ಮರಣದ ದಾಖಲೆ,
ನೌಕಾನೆಲೆಗೆ ಹೋದ ಹೊಲದ ಹಳೆಯ ಪಹಣಿ
ಹಸಿರು ಬೆಳಕಿನ ಮೇಲೆ ಕವುಚಿ ಮಲಗಿ ಏಳುತ್ತವೆ.
ನಿನ್ನೆ ಕಾಯ್ತಾನ್ ಮಾಸ್ತರರ ತಂಗಿ
ಒಣಮೀನಿನ ಚೀಲದಲ್ಲಿ ಒಂದು ನೋಟುಬುಕ್ಕು ತಂದಳು.
"ಎರಡು ಪ್ರತಿ. ಒಂದು ಇಗರ್ಜಿಗೆ, ಒಂದು ನನಗೆ.
ನನಗೆ ಓದು ಬರೋದಿಲ್ಲ. ಆದರೂ."

ಭಾನುವಾರದ ದೊತೊರ್ನಿನಲ್ಲಿ ಮಾಸ್ತರು
ಸಂತರ ಕತೆಗಳು ತೀರಿದ ಮೇಲೆ
ಸಂತನಾಗದ ಒಬ್ಬನ ಕತೆ ತೆಗೆಯುತ್ತಿದ್ದರು.
ಹೆಸರನ್ನು ಒಮ್ಮೆ ಬೋರ್ಡಿನ ಮೇಲೆ ಬರೆದವರು
ಪಾದ್ರಿಗಳ ಸ್ಕೂಟರಿನ ಸದ್ದಿಗೆ ಒರೆಸಿಬಿಟ್ಟರು.
ನಮಗೆ ಸಿಕ್ಕಿದ್ದು ಸೀಮೆಸುಣ್ಣದ ಧೂಳು.
ಈಜಿಪ್ಟಿನವ, ಅವನದೂ ಕಡಲೂರು,
ಅಲ್ಲೊಂದು ದೀಪಸ್ತಂಭ, ನಮ್ಮ ದೇವಗಡದ್ದಕ್ಕಿಂತ ಎತ್ತರ
ಎಂದದ್ದನ್ನು ಮಾತ್ರ ಯಾರೂ ನಂಬಲಿಲ್ಲ.

ನಂಬಿದ ತಪ್ಪಿಗೆ ಅಪ್ಪನನ್ನು ಸೈನಿಕರು ಒಯ್ದರು.
ಹದಿನೇಳು ತುಂಬದ ಹುಡುಗ
ತಾನೂ ಸಾಯುತ್ತೇನೆಂದು ಹೊರಟ.
ತಾಯಿ ಬೇಡಿದಳು. ಕೇಳಲಿಲ್ಲ.
ಅವನ ಬಟ್ಟೆಯನ್ನೆಲ್ಲ ಬಚ್ಚಿಟ್ಟಳು.
ಕತ್ತಿಗೆ ಹೆದರದವನು
ಬರಿಮೈಗೆ ನಾಚಿ ಒಳಗೇ ಉಳಿದ.
ನಾವು ನಕ್ಕು ನಕ್ಕು ಬೆಂಚಿನಿಂದ ಜಾರಿದೆವು.
ಮಾಸ್ತರು ನಗಲಿಲ್ಲ. ನಮಗೆ ತಿಳಿದಿರಲಿಲ್ಲ,

ನಾರಳಿ ಹುಣ್ಣಿಮೆಗೆ ಕಾಯದೆ ಕಡಲಿಗಿಳಿದ ಪಾತಿ,
ಅದರಲ್ಲಿ ಅವರಪ್ಪ ರೊಜಾರ್,
ಬೈತಖೋಲಿನ ದಡದಲ್ಲಿ ಎಣಿಸಿದರೆ ಒಂದು ದೋಣಿ ಕಡಿಮೆ;
ತೂಫಾನಿನಲ್ಲೇ ಹುಡುಕಲು ಹೊರಟ ಹದಿನಾರರ ಕಾಯ್ತಾನ್,
ಅವನ ಎರಡು ಚಡ್ಡಿ, ಒಂದು ಅಂಗಿ
ಅಕ್ಕಿ ಡಬ್ಬದ ತಳಕ್ಕೆ ಹೂತಿಟ್ಟ ಪಿಯೆದಾದ್ ಬಾಯಿ.
ಮೂರು ದಿನ ಗೋಣಿ ಸುತ್ತಿಕೊಂಡು
ಬಾಗಿಲ ಸಂದಿಯಿಂದ ಅಲೆ ಎಣಿಸಿದನಂತೆ.
ತಿಂಗಳಿಡೀ ಗಂಜಿಗೆ ಸಾಬೂನಿನ ವಾಸನೆ.
ಇದು ತಂಗಿ ಹೇಳಿದ್ದು, ನಿನ್ನೆ, ಚಿಲ್ಲರೆ ಹುಡುಕುತ್ತ.

ಈಜಿಪ್ಟಿನವನ ಮನೆ ಮುಟ್ಟುಗೋಲಾಯಿತು.
ಆರು ತಮ್ಮಂದಿರು. ಪಾಠ ಹೇಳಿ ಸಾಕಿದ,
ಬರಿಗಾಲಲ್ಲಿ ನಡೆದ, ಬರಿ ನೆಲದಲ್ಲಿ ಮಲಗಿದ.
ಅವನ ಮಾತಿನ ಓಟ ಹಿಡಿಯಲು
ಏಳು ಲಿಪಿಕಾರರು ಸರದಿಯಲ್ಲಿ ಬೆವರಿದರು.
ಒಂದೇ ಶಾಸ್ತ್ರವನ್ನು ಆರು ಮನೆಗಳಲ್ಲಿ ಪಕ್ಕಪಕ್ಕ ಬರೆಸಿದ,
ಯಾವ ಮಾತು ಎಲ್ಲಿ ಎಡವಿದೆ ಎಂದು ನೋಡಲು.
ಮುಪ್ಪಿನಲ್ಲಿ ಕೊರಳಿಗೆ ಕಬ್ಬಿಣ,
ಹಿಗ್ಗಿಸಿ ಕಟ್ಟಿದ ಕಾಲು.
ಸತ್ತು ಮುನ್ನೂರು ವರ್ಷಕ್ಕೆ ಅವನ ಹೆಸರಿಗೆ ಶಾಪ.
ಅವನಿಂದ ಕಲಿತವರು ಗಾಜಿನ ಕಿಟಕಿಗಳಲ್ಲಿ ಸಂತರಾಗಿ ನಿಂತರು.
ಅವನಿಗೆ ಒಂದು ಮೇಣದಬತ್ತಿಯೂ ಇಲ್ಲ.

"ಅಂಥ ತಪ್ಪೇನು ಮಾಡಿದ, ಮಾಸ್ತರೇ?"
"ಕೊನೆಗೆ ಎಲ್ಲರೂ ಮರಳಿ ಬರುತ್ತಾರೆ ಅಂದ."
"ಎಲ್ಲರೂ?"
"ಎಲ್ಲರೂ."
"ದೆವ್ಚಾರನೂ?"
ಹೊರಗೆ ಯೆಂಡಿ ಬಲೆ ಎಳೆಯುವವರ ಕೂಗು.
ಕಿಟಕಿಯ ಕಡೆ ತಿರುಗಿದವರು ತಡವಾಗಿ ತಿರುಗಿದರು.
"ಇದು ಪಾಠ ಅಲ್ಲ. ಪರೀಕ್ಷೆಗೆ ಬರೋದಿಲ್ಲ. ಹೋಗಿ."

ನೋಟುಬುಕ್ಕು ಬಿಡಿಸಿದೆ.
ಅಡ್ಡ ಹಿಡಿದು ಗೆರೆ ಕೊರೆದ ಪುಟಗಳು,
ಒಂದೇ ಪ್ರಾರ್ಥನೆ ಸಾಲು ಸಾಲಾಗಿ:
ಕನ್ನಡ ಅಕ್ಷರದ ಕೊಂಕಣಿ, ನಾಗರಿಯ ಕೊಂಕಣಿ, ರೋಮಿ,
ಆಮೇಲೆ ಕನ್ನಡ,
ಆಮೇಲೆ ಅಜ್ಜನ ಕಾಲದ ಹರುಕು ಪೋರ್ಚುಗೀಸು.
ಆರನೆಯ ಮನೆ ಖಾಲಿ.
ಪುಟ ತಿರುವಿದರೆ ಅಲ್ಲೂ ಖಾಲಿ.
ನೆತ್ತಿಯಲ್ಲಿ ಪೆನ್ಸಿಲಿನಲ್ಲಿ ಒಂದೇ ಮಾತು: ಆವಯ್.

"ಅಮ್ಮ ಆಮೇಲೆ ತೇರ್ಸ್ ಹೇಳಲೇ ಇಲ್ಲ," ಅಂದಳು ತಂಗಿ.
"ಪಾದ್ರಿಗಳು ಬಂದು ಬೈದು ಹೋದರು.
ರಾತ್ರಿ ಊಟಕ್ಕೆ ಒಂದು ತಟ್ಟೆ ಹೆಚ್ಚು ಇಡುತ್ತಿದ್ದಳು, ಅಷ್ಟೇ.
ಮೂವತ್ತೊಂದು ವರ್ಷ.
ತೊಳೆಯುವುದು ನನ್ನ ಪಾಲಿಗೆ."

ಯಂತ್ರ ಆ ಖಾಲಿಯ ಮೇಲೂ
ಅಷ್ಟೇ ನಿಧಾನಕ್ಕೆ ಬೆಳಕು ಹಾಯಿಸಿತು.
ಹಿಂಬದಿಯ ಶಾಯಿ ಮಸುಕಾಗಿ ಮೂಡಿತ್ತು,
ಬಲದಿಂದ ಎಡಕ್ಕೆ, ಓದಲಾಗದ ಹಾಗೆ.
ಟೋನರ್ ತಗ್ಗಿಸಿದರೆ ಅಳಿಯುತ್ತಿತ್ತು. ತಗ್ಗಿಸಲಿಲ್ಲ.

ಎರಡು ಕೇಳಿದ್ದಳು, ಮೂರು ತೆಗೆದೆ.
ಹಣ ಬೇಡವೆಂದೆ ಎಂದು ಬರೆದರೆ ಸುಳ್ಳಾದೀತು.
ಅರ್ಧ ತೆಗೆದುಕೊಂಡೆ.