ಮೇಲಿನ ಬಿರಡೆ

ಇಂಜಿನ್ ಆರಿಸಿರಲಿಲ್ಲ ನಾನು. ಖಂದಿಗಾದಲ್ಲಿ
ನವೆಂಬರ್ ಬಂತೆಂದರೆ ಯಾರೂ ಆರಿಸುವುದಿಲ್ಲ.
ರಾತ್ರಿಯಿಡೀ ಗೊರಕೆ ಹೊಡೆಯಿತು ನನ್ನ ಹಳೇ ಉರಾಲ್,
ಅದರ ಉಸಿರಿನ ಬಿಸಿಯಲ್ಲಿ ನಾನು.
ಬೆನ್ನ ಮೇಲೆ ಉಸ್ತ್-ನೇರಾ ಆಸ್ಪತ್ರೆಗೆ ಹೊರಟ
ಅರವತ್ತು ಕಬ್ಬಿಣದ ಮಂಚ.

ಬೆಳಿಗ್ಗೆ ಸೊನ್ನೆಗಿಂತ ಐವತ್ತೊಂದು ಡಿಗ್ರಿ ಕೆಳಗೆ.
ಕ್ಲಚ್ ಬಿಟ್ಟೆ. ಕೆಮ್ಮಿ ನಿಂತಿತು.
ಮತ್ತೆ ಬಿಟ್ಟೆ, ಈ ಸಲ ಸಿಟ್ಟಿನಲ್ಲಿ.
ಹಿಂದೆಲ್ಲೋ ಒಂದು ಸದ್ದು,
ಹೆಪ್ಪುಗಟ್ಟಿದ ನದಿ ನಡುರಾತ್ರಿ ಬಿರಿದ ಹಾಗೆ,
ಚಿಕ್ಕದು, ಖರ್ಚಿನದು.

ಹಗ್ಗ ಕಟ್ಟಿ ಎಳೆದರು ನ್ಯುರ್ಗುನ್ ಮತ್ತವನ ಭಾವ.
ಅಚ್ಚು ಮುರಿಯದ ಕಡೆಯ ಚಕ್ರ ತಿರುಗಲೊಲ್ಲದು,
ಶಾಲೆಗೆ ಹೋಗಲೊಲ್ಲದ ಹುಡುಗನ ಹಾಗೆ ಕಾಲೂರಿ
ಹಿಮದ ಮೇಲೆ ಉದ್ದಕ್ಕೂ ಒಂದೇ ಗೀರೆಳೆಯಿತು
ಆನಿಸಳ ಗ್ಯಾರೇಜಿನ ಬಾಗಿಲತನಕ.

ಅವಳು ನನ್ನ ಮುಖ ನೋಡಲಿಲ್ಲ. ಯಾವ ಎಣ್ಣೆ ಅಂದಳು.
"ಎಂಬತ್ತೈದು, ನೂರ ನಲವತ್ತು. ಭಾರದ ಗಾಡಿ,
ದಪ್ಪ ಎಣ್ಣೆ. ನಮ್ಮಪ್ಪ ಅದನ್ನೇ ಹಾಕುತ್ತಿದ್ದ."
"ನಿಮ್ಮಪ್ಪ ಎಲ್ಲಿ ಓಡಿಸುತ್ತಿದ್ದ?"
"ಅಸ್ತ್ರಾಖಾನಿನಲ್ಲಿ."
"ಏನು?"
"ಕಲ್ಲಂಗಡಿ."
ಅವಳು ನಕ್ಕದ್ದು ಅದೊಂದೇ ಸಲ.

ಕಿಟಕಿಯ ಹೊರಗೆ ಮೂರು ಗಾಜಿನ ಬಾಟಲಿ, ರಾತ್ರಿಯಿಂದ ಅಲ್ಲೇ.
ಒಂದೊಂದೇ ತಂದು ಬೋರಲು ಹಿಡಿದಳು.
ನನ್ನದು ಕದಲಲಿಲ್ಲ, ಮೇಣ.
ಎಂಬತ್ತು-ತೊಂಬತ್ತು ಒಂದಿಷ್ಟು ಯೋಚಿಸಿ ಸುಮ್ಮನಾಯಿತು.
ಮೂರನೆಯದು, ಎಪ್ಪತ್ತೈದು,
ಗೋಡೆ ಹಿಡಿದು ಮೆಟ್ಟಿಲಿಳಿವ ಮುದುಕಿ.
ಆದರೂ ಇಳಿಯಿತು.

"ಡಬ್ಬಿಯ ಆಣೆ ನಲವತ್ತರ ತನಕ.
ಆಮೇಲಿನ ಹನ್ನೊಂದು ಡಿಗ್ರಿ ನಿನ್ನದು,
ನಿನ್ನ ಬ್ಲೋಲ್ಯಾಂಪಿನದು.
ಇಂಜಿನ್ ಬಿಸಿಯಿದ್ದರೆ ಗಾಡಿ ಬಿಸಿಯೆಂದುಕೊಂಡೆಯಾ?
ಎದೆ ಬಡಿಯುತ್ತಿರುವಾಗಲೇ ತಾನೆ ಕಾಲು ಮರಗಟ್ಟುವುದು."

ಉಳಿದದ್ದನ್ನು ಗೇರ್‌ಬಾಕ್ಸಿಗೂ ಸುರಿಯೋಣವೆಂದೆ, ನಾಲ್ಕು ಕಾಸು ಉಳಿದೀತೆಂದು.
ಡಬ್ಬಿ ತೆರೆದು ಮೂಗಿಗೆ ಹಿಡಿದಳು.
ಗಂಧಕ. ಒದ್ದೆ ಬೆಂಕಿಕಡ್ಡಿ, ಕೊಳೆತ ಮೊಟ್ಟೆ.
"ಉಕ್ಕಿನ ಹಲ್ಲಿಗೆ ಉಕ್ಕಿನ ಹಲ್ಲು ಉಜ್ಜುವಲ್ಲಿ
ಇದು ಕಾವಲುನಾಯಿ.
ಆ ಮನೆಯಲ್ಲಿ ಹಿತ್ತಾಳೆಯ ಬಳೆಗಳಿವೆ. ಕಚ್ಚುತ್ತದೆ."

ನಾಲ್ಕು ತಾಸು ಕೆಂಡದ ತಟ್ಟೆ ಇಟ್ಟು ಕಾಯಿಸಿದ ಮೇಲೆ
ಗಾಡಿಯಡಿ ನುಸುಳಿ ತಳದ ಬಿರಡೆಗೆ ಪಾನಾ ಹಾಕಿದೆ.
ಮಣಿಕಟ್ಟಿನ ಮೇಲೆ ಅವಳ ಬೂಟು ಬಿತ್ತು,
ಮೆಲ್ಲಗೇ.

"ಮೇಲಿನದು ಮೊದಲು.
ತುಂಬುವ ಬಾಯಿ ತೆರೆದೀತೋ ಇಲ್ಲವೋ ನೋಡದೆ
ಇದ್ದದ್ದನ್ನೂ ಚೆಲ್ಲಿಬಿಟ್ಟರೆ
ಉಳಿಯುವುದೇನು? ಖಾಲಿ ಹೊಟ್ಟೆ, ಕಚ್ಚಿಕೊಂಡ ಬಾಯಿ.
ನಾನೊಮ್ಮೆ ಹಾಗೆ ಮಾಡಿದ್ದೆ."
ಸ್ವಲ್ಪ ತಡೆದು:
"ಟ್ರಕ್ಕಿಗಲ್ಲ."

ಯಾವುದಕ್ಕೆಂದು ನಾನು ಕೇಳಲಿಲ್ಲ.
ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡೆ.

ಕರಿಯದೆಲ್ಲ ಇಳಿದುಹೋಯಿತು.
ಬಿರಡೆಯ ತುದಿಯ ಅಯಸ್ಕಾಂತಕ್ಕೆ ಉಕ್ಕಿನ ಕೂದಲು,
ಹಸುಗೂಸಿನ ತಲೆಯದ್ದರಷ್ಟು ನವಿರು.
"ಇದು ಸವೆತ, ಇರಬೇಕಾದ್ದೇ," ಎಂದು ಒರೆಸಿದಳು.
ಕೂದಲೊಳಗೆ ಒಂದು ಹಲ್ಲಿನ ಚೂರು.
ಅದಕ್ಕೆ ಏನೂ ಅನ್ನದೆ ನನ್ನ ಅಂಗೈಯಲ್ಲಿಟ್ಟಳು.
ಹೊಸದನ್ನು ಸುರಿದಳು,
ಮೇಲಿನ ಬಾಯಿಂದ ಒಂದೆಳೆ ಹೊರಗಿಣುಕುವ ತನಕ.

ಮರುದಿನ ಮೊದಲ ತಿರುವಿನಲ್ಲೇ ಕಿವಿಗೊಟ್ಟೆ.
ಹೊರಗಿನ ಚಕ್ರ ಓಡಿತು, ಒಳಗಿನದು ತಡೆಯಿತು,
ನಡುವೆ ಎಣ್ಣೆ, ಸದ್ದಿಲ್ಲದೆ.
ಹಿಂದೆ ಅರವತ್ತು ಮಂಚಗಳು ಮಾತ್ರ ಕಟಕಟ,
ಇನ್ನೂ ಯಾರೂ ಮಲಗಿರದ ಮಂಚಗಳು.

ಈಗ ದಾರಿಬದಿ ನಿಂತರೆ
ನನಗೆ ಚಹಾ ಕಾಯಿಸುವ ಮೊದಲು ಅದರ ಹೊಟ್ಟೆ ಕಾಯಿಸುತ್ತೇನೆ.
ಚೂರು ಜೇಬಿನಲ್ಲೇ ಇದೆ, ಕಪ್ಪಗೆ,
ಕಲ್ಲಂಗಡಿ ಬೀಜದಷ್ಟು.